ಮಜ್ಜಿಗೆ ಕೋಣೆಯ ಬೀಗ

ನಲ್ಲಿ ತಿರುಗಿಸಿದರೆ ಡ್ರಮ್ಮು ಗೊರ್ ಅಂದಿತೇ ಹೊರತು ಒಂದು ತೊಟ್ಟು ಮಜ್ಜಿಗೆ ಬೀಳಲಿಲ್ಲ. ಹೊರಗೆ ಕದರಪ್ಪನ ಲಗೇಜ್ ಆಟೋ ಗಡಗಡ ಅಂತ ಕಾಯುತ್ತಿತ್ತು. ಕೊರಟಗೆರೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಬೇಕಾದ ಮಜ್ಜಿಗೆ ಪ್ಯಾಕೆಟ್ಟು ಒಂದೂ ತುಂಬಿರಲಿಲ್ಲ.

“ದೊಡ್ಡಮ್ಮೋ! ಮಜ್ಜಿಗೆ ಎಲ್ಲಿ?” ರಂಗೇಶ ಕಿರುಚಿದ.

ಲಕ್ಷ್ಮಕ್ಕ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ತೋವಿನಕೆರೆಯ ಹೆಂಗಸರು ಸೇರಿ ಕಟ್ಟಿಕೊಂಡ ಹಾಲಿನ ಸಂಘಕ್ಕೆ ಅವಳೇ ಅಧ್ಯಕ್ಷೆ. ಬೆಣ್ಣೆ ತೆಗೆಯುವ ಮಿಷನ್ನು ನೋಡಿಕೊಳ್ಳಲು ರಂಗೇಶನನ್ನು ಇಟ್ಟವಳೂ ಅವಳೇ. “ಹಾಲು ಹಾಕಕ್ಕೆ ಬಂದೋರು ಚೆಂಬು ತಂದಿದ್ರು, ಹುಯ್ದೆ. ಹಸು ಇಲ್ದೋರೂ ಬಂದಿದ್ರು, ಅವ್ರಿಗೂ ಹುಯ್ದೆ. ಬಿಸ್ಲು ನೋಡ್ಲಾ ಹೆಂಗೈತೆ.”

“ದುಡ್ಡು ಇಸ್ಕಂಡ್ಯಾ?”

“ಮಜ್ಜಿಗೆಗಾ?” ಕೆಟ್ಟ ಮಾತು ಕಿವಿಗೆ ಬಿದ್ದವಳಂತೆ ಮುಖ ಸಿಂಡರಿಸಿದಳು. “ಥೂ! ಊರೊಳಗೆ ಮಜ್ಜಿಗೆ ಮಾರಿ ನಾಳೆ ಯಾರಿಗೆ ಮಕ ತೋರ್ಸಾನ?”

“ಮತ್ತೆ ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ನಮ್ದೇ ಪ್ಯಾಕೆಟ್ಟು ದುಡ್ಡು ಕೊಟ್ಟು ಕುಡ್ದು ಬಂದ್ಯಲ್ಲ?”

“ಕುಡ್ದೆ. ಚೆನ್ನಾಗಿತ್ತು ಕಣ್ಲಾ. ಅದು ಕೊರಟಗೆರೆ.”

ರಂಗೇಶನಿಗೆ ತಲೆ ಗಿರ್ರಂದಿತು. ಬೆಣ್ಣೆ ಮಾರಿ ಬಂದದ್ದು ಹಾಲು ಹಾಕಿದವರಿಗೂ ಕರೆಂಟಿಗೂ ಸರಿಹೋಗುತ್ತಿತ್ತು. ಲಾಭ ಅಂತ ಏನಾದರೂ ಇದ್ದರೆ ಅದು ಮಜ್ಜಿಗೆಯಲ್ಲೇ. ಅದನ್ನೇ ಚೆಂಬುಗಟ್ಟಲೆ ಸುರಿದರೆ ಸಂಘದ ಬಾಗಿಲು ಹಾಕಬೇಕು. ಇದನ್ನು ಹೇಳಿದಾಗಲೆಲ್ಲ ಎಲ್ಲರೂ ಹೂಂ ಅನ್ನುತ್ತಾರೆ, ಹೂಂ ಅನ್ನುತ್ತಲೇ ಚೆಂಬು ಒಡ್ಡುತ್ತಾರೆ. “ಇನ್ನೊಂದ್ಸಲ ಇಂಗಾದ್ರೆ ಹೋಟ್ಲೋನು ಬೇರೆ ಕಡೆ ನೋಡ್ಕಂತಾನಂತೆ,” ಅಂತ ಹೇಳಿ ಕದರಪ್ಪ ಬರೀ ಆಟೋ ಓಡಿಸಿಕೊಂಡು ಹೋದ. ರಂಗೇಶ ಡ್ರಮ್ಮನ್ನು ಒಳಕೋಣೆಗೆ ಉರುಳಿಸಿ, ಬಾಗಿಲಿಗೆ ಬೀಗ ಜಡಿದು, ಕೀ ಜೇಬಿಗೆ ಹಾಕಿಕೊಂಡ.

ಮಾರನೆ ಬೆಳಗ್ಗೆ ಹೆಂಗಸರು ಬಂದರು, ಬೀಗ ನೋಡಿದರು. ಕ್ಯಾನು ಕೆಳಗಿಳಿಸದೆ ಬಂದ ದಾರಿಯಲ್ಲೇ ವಾಪಸ್ಸಾದರು. ಅದರ ಮಾರನೆ ದಿನ ಬರಲೇ ಇಲ್ಲ. ಬೈದಿದ್ದರೆ ಅವನು ಎರಡರಷ್ಟು ಬೈಯುತ್ತಿದ್ದ. ಸುಮ್ಮನೆ ಹೋದವರ ಜೊತೆ ಹೆಂಗೆ ಜಗಳ ಆಡುವುದು? ಮಿಷನ್ನು ತಣ್ಣಗೆ ಕೂತಿತ್ತು. ಉರಿಬಿಸಿಲಲ್ಲಿ ಲಕ್ಷ್ಮಕ್ಕನ ಮನೆಗೆ ನುಗ್ಗಿದರೆ, ಅವಳು ಪಡಸಾಲೆಯಲ್ಲಿ ಕೂತು ಮೊಸರು ಕಡೆಯುತ್ತಿದ್ದಳು.

“ಅಧ್ಯಕ್ಷೆ ಆಗಿ ನೀನೇ ಹಾಲು ಹಾಕ್ದಿದ್ರೆ ಸಂಘ ಮುಚ್ಚೋಯ್ತದೆ ದೊಡ್ಡಮ್ಮ!”

“ಮುಚ್ಬಾರ್ದು ಕಣ್ಲಾ, ಏನಾರ ಮಾಡು. ಮನೆಗೆ ಮಜ್ಜಿಗೆ ಬೇಕಲ್ಲ, ಅದ್ಕೆ ಹಾಲು ಇಟ್ಕಂಡೆ.”

“ಏನ್ ಮಾಡ್ಲಿ? ಕೊಟ್ರೆ ಲಾಭ ಇಲ್ಲ, ಕೊಡ್ದಿದ್ರೆ ಹಾಲೇ ಇಲ್ಲ!”

“ಅದ್ನ ನೋಡು ಅಂತಾನೇ ಅಲ್ವಾ ನಿನ್ನ ಇಟ್ಕಂಡಿರೋದು. ಮೊದ್ಲು ಇದ್ನ ಕುಡಿ.”

ಬೇಡ ಅನ್ನಬೇಕು ಅಂದುಕೊಂಡ. ಕಿರುಚಿ ಕಿರುಚಿ ಗಂಟಲು ಒಣಗಿತ್ತು. ಒಂದೇ ಗುಟುಕಿಗೆ ಲೋಟ ಖಾಲಿಯಾಯಿತು. ಕೈ ತನ್ನಷ್ಟಕ್ಕೆ ತಾನೇ ಮತ್ತೆ ಲೋಟ ಒಡ್ಡಿತು. ಅವಳು ಹುಯ್ದಳು. ತೊಡೆಗೆ ಕೀ ಚುಚ್ಚುತ್ತಿತ್ತು.

“ನಿಂದಾಯ್ತೇನಪ್ಪ? ವಸಿ ಪಕ್ಕಕ್ಕೆ ಸರ್ಕ.”

ತಿರುಗಿ ನೋಡಿದ. ಹಸು ಇಲ್ಲದ ಮನೆಯ ಮುನಿಯಮ್ಮ ಚೆಂಬು ಹಿಡಿದು ನಿಂತಿದ್ದಳು. ಅವಳ ಹಿಂದೆ ಇನ್ನಷ್ಟು ಚೆಂಬುಗಳು, ಬೀದಿಯವರೆಗೂ. ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ರಂಗೇಶ ನಿಂತಿದ್ದ.