ಮೂರಿಂಚಿನ ಗರಿಕೆ

"ಏ ಸುಮಕ್ಕಾ, ನಿಮ್ಮತ್ತಿ ಲಾನಿನ ಗರಿಕಿ ಕಿತ್ತು ಗಣಪ್ಪಗ ಏರಿಸ್ಯಾರವಾ!" ಎನ್ನುತ್ತ ಪಕ್ಕದ ಮನೆಯ ರತ್ನವ್ವ ಓಡಿ ಬಂದಳು.

ಸುಮಂಗಲ ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಟ್ಟಳು. ಸರಕಾರದ ಕಾಯ್ದೆಯಂತೆ ಹುಲ್ಲು ಬದುಕಿರುವ ಓಣಿಯಲ್ಲಷ್ಟೇ ಜನ ಇರಬಹುದು; ಸಾಹೇಬರು ಅಳೆಯಲು ಬಂದಾಗ ಒಣಗಿದ್ದರೆ ನಲ್ಲಿ ಬಂದ್, ಓಣಿ ಖಾಲಿ. ಮೂರು ತಳಿ ಸುಟ್ಟುಹೋದ ಮೇಲೆ ಅವಳೇ ಗರಿಕೆಯನ್ನು ಆರಿಸಿದ್ದಳು. ಐವತ್ತು ಡಿಗ್ರಿ ಬಿಸಿಲಿಗೆ ಬುಡ ಬೇಯದಿರಲೆಂದು ಮೂರಿಂಚು ಎತ್ತರ ಬಿಟ್ಟು, ಬೆಳಗಾಗುವ ಮುನ್ನವೇ ನೀರುಣಿಸಿ ಸಾಕಿದ್ದಳು.

ಓಡಿಹೋಗಿ ನೋಡಿದರೆ ಇಡೀ ಓಣಿಗಿದ್ದ ಮಂಚದಗಲದ ಆ ಒಂದೇ ಲಾನು ಬೋಳಾಗಿತ್ತು. ಬುಡವೆಲ್ಲ ಆಗಲೇ ಕಂದಿತ್ತು.

"ಯಾಕ್ರಿ ಅತ್ತಿ, ಹಿಂಗ್ಯಾಕ ಮಾಡಿದ್ರಿ?"

"ನಾ ಇಪ್ಪತ್ತೊಂದ ಎಸಳು ಕೀಳಾಕ ಹೋದ್ನೆವಾ. ಎಲ್ಲಾ ಮನಿಯವ್ರೂ ಬಂದು, ನಮ್ಮ ಹೆಸರ್ಲೆನೂ ಏರಿಸ್ರಿ ಅಂದ್ರು. ಈ ಹುಲ್ಲು ಉಳೀಲಿ ಅಂತನ ಬೇಡ್ಕೊಂಡೀವಿ."

ರತ್ನವ್ವ ಆಚೆ ನೋಡತೊಡಗಿದಳು. ಅವಳ ಮನೆಯದೂ ಒಂದು ಕಟ್ಟು ಏರಿತ್ತು.

ಅಷ್ಟರಲ್ಲಿ ಹುಲ್ಲು ಅಳೆಯುವ ಸಾಹೇಬರ ಫೋನು ಬಂತು.

"ನಾಳೆ ನಿಮ್ಮ ಓಣಿ ಪಾಳಿ ಐತ್ರಿ. ಎಷ್ಟೊತ್ತಿಗೆ ಬರ್ಲಿ?"

"ಏಳಕ್ಕ ಬರ್ರಿ ಸರ," ಎಂದಳು ಸುಮಂಗಲ. "ಎಲ್ಲಾರೂ ಗಂಟು ಕಟ್ಕೊಂಡ ನಿಂತಿರ್ತೀವಿ."