ಶ್ರೀಪಾದನ ಗೋಡೆ

ಮನೆಯಲ್ಲಿ ಹಾಕಿದ ಹಾಡನ್ನೆಲ್ಲ, ಅದರ ಸುತ್ತಲಿನ ಸದ್ದನ್ನೂ ಗೋಡೆ ಹೀರಿಕೊಳ್ಳುತ್ತದೆ. ವೈಕುಂಠ ಸಮಾರಾಧನೆಯ ಮರುದಿನ ತೀರಿಕೊಂಡವರ ಕೋಣೆಯ ಗೋಡೆಗೆ ಕೆಂಡದ ಶಾಖ ಕೊಟ್ಟು, ಅವರು ಕೇಳಿದ್ದನ್ನು ಎಲ್ಲರೂ ಕೂತು ಕೇಳುವುದು ನಮ್ಮ ಕಡೆಯ ಪದ್ಧತಿ.

ನನ್ನ ಗಂಡ ಶ್ರೀಪಾದನ ಗೋಡೆಯಲ್ಲಿ ಏನೂ ಇರದು ಎಂದುಕೊಂಡಿದ್ದೆ. ಹಾಡು ಕೇಳಿದರೆ ತಲೆನೋವು ಎನ್ನುತ್ತಿದ್ದ. ಅವನಿಗಾಗಿ, ಮದುವೆಯಾದ ವಾರವೇ ನನ್ನ ರೇಡಿಯೊವನ್ನು ತವರಿಗೆ ಕಳಿಸಿದ್ದೆ.

ಶಾಖ ತಾಗಿದೊಡನೆ ಗೋಡೆ ಹಾಡತೊಡಗಿತು. ಒಂದಾದ ಮೇಲೊಂದು ಸಿನಿಮಾ ಹಾಡು, ಅತ್ತೆಯ ಚಪ್ಪಾಳೆ, ನಾದಿನಿ ಇಂದುಮತಿಯ ದನಿ. ನಡುವೆ ಶ್ರೀಪಾದ ಕೂಗಿದ: "ಬಂದ್ಲು ನೋಡ್ರಿ ಪ್ರೊಫೆಸರ್ ಬಾಯಿ! ಬಂದ್ ಮಾಡ್ರಿ, ನಾ ತಲಿ ಹಿಡ್ಕೊಂಡು ಕೂಡ್ತೀನಿ." ಗೋಡೆಯೊಳಗೆ ಮೂವರೂ ನಕ್ಕರು. ಆಮೇಲೆ ಕಾಲೇಜಿನಿಂದ ಮರಳುತ್ತಿದ್ದ ನನ್ನ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ, ಮತ್ತೆ ಮೌನ. ಆ ಮೌನವನ್ನೇ ನಾನು ಸಂಸಾರವೆಂದು ತಿಳಿದಿದ್ದೆ.

"ನೀವು ಓದಿದವರು, ನಮ್ಮ ಹಾಡಿಗೆ ನಗ್ತೀರಿ ಅಂತಿದ್ದ ಅಣ್ಣ," ಎಂದಳು ಇಂದುಮತಿ. "ಸಿಟ್ಟಾಗಬ್ಯಾಡ್ರಿ ವೈನಿ."

ಅತ್ತೆ ಸುಣ್ಣದ ಕುಂಚ ಚಾಚಿದರು. ಹೆಂಡತಿ ಸುಣ್ಣ ಬಳಿದರೆ ಗೋಡೆ ಶಾಶ್ವತವಾಗಿ ಸುಮ್ಮನಾಗುತ್ತದೆ. ಬಳಿಯದಿದ್ದರೆ ಪ್ರತಿ ಬೇಸಿಗೆಯ ಬಿಸಿಲಿಗೆ ತಾನಾಗಿ ಹಾಡುತ್ತದೆ.

"ಇರ್‍ಲಿ ಬಿಡ್ರಿ ಅತ್ತಿ," ಎಂದೆ. "ಬ್ಯಾಸಗಿ ಬರಲಿ. ಈ ಸಲ ನನ್ನೂ ಕೂಡಿಸ್ಕೊಂಡು ಕೇಳ್ರಿ."