ಮೀನಿನ ಪಾಲಿನ ಪುರಿ

"ಸಿಂಚನಾ, ಬಂತು ಕಣೇ, ನನ್ ಕಡೆಗೇ ಬಂತು!" ಅಕ್ಕಯಮ್ಮ ಕೂಗಿದ ಕೂಗಿಗೆ ಅಕ್ವೇರಿಯಂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತೆರೆದ ತೊಟ್ಟಿಯಲ್ಲಿ ಮೊರದಷ್ಟು ಅಗಲದ ಮೀನೊಂದು ಅಂಚಿಗೆ ಬಂದು ಮೂತಿ ಎತ್ತಿತ್ತು. ಮೊಮ್ಮಗಳು ಸಿಂಚನಾಳ ಡೆಂಗಿ ಜ್ವರ ವಾಸಿಯಾದರೆ ಮೀನಿಗೆ ಪುರಿ ಹಾಕ್ತೀನಿ ಅಂತ ಹರಕೆ ಹೊತ್ತಿದ್ದವಳು, ಜಡಿಗೇನಹಳ್ಳಿಯಿಂದಲೇ ಸೆರಗಿನಲ್ಲಿ ಪುರಿ ಕಟ್ಟಿಕೊಂಡು, ಬೆಲ್ಲವನ್ನು ಮೊಮ್ಮಗಳ ಕೈಗೆ ಕೊಟ್ಟು ಕರೆತಂದಿದ್ದಳು. ಮುಷ್ಟಿ ತುಂಬ ತೆಗೆದು ಕೈ ಎತ್ತಿದಳು.

"ಅಜ್ಜಿ, ಬೇಡ ಬೇಡ!" ಮೀನು ನೋಡಿಕೊಳ್ಳುವ ಪ್ರಿಯಾಂಕ ಓಡಿಬಂದಳು. "ಅದರ ಹೊಟ್ಟೆಗೆ ಇದೆಲ್ಲ ಆಗಲ್ಲ. ಹೋದ ತಿಂಗಳು ಯಾರೋ ಬಿಸ್ಕತ್ತು ಹಾಕಿ ಒಂದು ಸತ್ತೇ ಹೋಯ್ತು."

"ಹರಕೆ ಕಣಮ್ಮ! ತಪ್ಪಿಸಿ, ಮಗೀಗೆ ಮತ್ತೆ ಜ್ವರ ಬಂದ್ರೆ?" ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಮೀನೂ ಕದಲಲಿಲ್ಲ, ಅವಳ ಮುಷ್ಟಿಯನ್ನೇ ನೋಡುತ್ತಿರುವ ಹಾಗಿತ್ತು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗನೊಬ್ಬ ಚಿಪ್ಸ್ ಹಿಡಿದು ನೀರಿನ ಮೇಲೆ ಕೈ ಚಾಚಿದ. ಅಕ್ಕಯಮ್ಮ ಗಪ್ಪನೆ ಅವನ ಕೈ ಹಿಡಿದೆಳೆದು, ಚಿಪ್ಸ್ ಮೇಲೇ ಪುರಿ ಸುರಿದಳು. "ಏನಪ್ಪಾ, ಸಾಯಿಸ್ತೀಯಾ ಅದನ್ನ? ತಗೋ, ಅದರ ಪಾಲು ನೀನು ತಿನ್ನು, ನನ್ ಹರಕೆ ತೀರ್ಲಿ. ಲೇ ಸಿಂಚನಾ, ಈ ಅಣ್ಣಂಗೆ ಬೆಲ್ಲಾನೂ ಕೊಡೇ!"